ಚಿತ್ರ ಯಾವ ರಾತ್ರಿಯದು, ಸದ್ದು ಯಾವ ರಾತ್ರಿಯದು?

ಸುಮಾರು ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ಒಂದು ಫುಟ್‌ಪಾತ್‌ನಲ್ಲಿ ಚೌಕಾಸಿ ಮಾಡಿ ಒಂದು ಡಿವಿಡಿ ತಂದಿದ್ದೆ. ಜೆರಾಕ್ಸ್ ಹೊಡೆದ ಕವರಿನ ಮೇಲೆ ‘ಲೆಡ್ ಝೆಪೆಲಿನ್, ಲಂಡನ್, 1970’ ಎಂದಿತ್ತು. ಮನೆಗೆ ಬಂದು ಹಾಕಿದರೆ ಜಾನ್ ಬಾನಮ್ ಕಿತ್ತಳೆ ಬಣ್ಣದ, ಆಚೆಯಿಂದ ಈಚೆ ಕಾಣುವ ಡ್ರಮ್ಸ್ ಹಿಂದೆ ಕೂತಿದ್ದಾನೆ. ಗಿಟಾರಿಸ್ಟ್ ಜಿಮ್ಮಿ ಪೇಜ್ ಮೈಮೇಲೆ ಡ್ರ್ಯಾಗನ್ ಕಸೂತಿಯ ಕಪ್ಪು ಸೂಟು. ಸ್ವಲ್ಪ ಹೊತ್ತಿಗೆ ‘ಸ್ಟೇರ್‌ವೇ ಟು ಹೆವನ್’ ಶುರುವಾಯಿತು. ಆ ಹಾಡನ್ನು ಈ ಬ್ರಿಟಿಷ್ ರಾಕ್ ಬ್ಯಾಂಡ್ ಮೊದಲ ಸಲ ವೇದಿಕೆಯಲ್ಲಿ ನುಡಿಸಿದ್ದೇ 1971ರ ಮಾರ್ಚ್ 5ರಂದು, ಬೆಲ್‌ಫಾಸ್ಟ್‌ನಲ್ಲಿ. ಊರಿನ ಹೆಸರು ಸರಿಯಿತ್ತು, ವರ್ಷ ಐದರಷ್ಟು ತಪ್ಪಿತ್ತು. ನಾನು ತಂದಿದ್ದು 1975ರ ಮೇ ತಿಂಗಳ ಅರ್ಲ್ಸ್ ಕೋರ್ಟ್ ಕಾರ್ಯಕ್ರಮ.

ಅಂಗಡಿಯವನ ಮೇಲೆ ಸಿಟ್ಟೇನೂ ಬರಲಿಲ್ಲ. ಒಂದು ಅಭ್ಯಾಸ ಮಾತ್ರ ಅಂಟಿಕೊಂಡಿತು. ಹಳೆಯ ಕಾನ್ಸರ್ಟ್ ಚಿತ್ರ ಯಾವುದೇ ಇರಲಿ, ಎರಡು ಪ್ರಶ್ನೆ ಕೇಳಿಕೊಂಡೇ ನೋಡುತ್ತೇನೆ: ಈ ಚಿತ್ರ ಯಾವ ರಾತ್ರಿಯದು? ಈ ಸದ್ದು ಯಾವ ರಾತ್ರಿಯದು? ಎರಡಕ್ಕೂ ಒಂದೇ ಉತ್ತರ ಇರಬೇಕೆಂದೇನೂ ಇಲ್ಲ. ಅಧಿಕೃತ ಡಿಸ್ಕಿನಲ್ಲೂ ಇಲ್ಲ.

ಒಂದು ಉದಾಹರಣೆ. 2003ರ ಮೇ ತಿಂಗಳಲ್ಲಿ ಬ್ಯಾಂಡ್ ತಾನೇ ಹೊರತಂದ ಎರಡು ಡಿಸ್ಕಿನ ಸಂಗ್ರಹವಿದೆ, ಹೆಸರೂ ‘ಲೆಡ್ ಝೆಪೆಲಿನ್ ಡಿವಿಡಿ’ ಅಂತಲೇ. ಪೇಜ್ ಮತ್ತು ನಿರ್ದೇಶಕ ಡಿಕ್ ಕರುದರ್ಸ್ ಸೇರಿ ಮಾಡಿದ್ದು, ಐದು ಗಂಟೆಗೂ ಮೇಲಿದೆ. ಅದರಲ್ಲಿ ‘ಇಮಿಗ್ರಂಟ್ ಸಾಂಗ್’ ಬರುತ್ತದೆ. ಹಗಲು ಬೆಳಕು, ಬಯಲು ಮೈದಾನ, ಮೈಕ್ ಹಿಡಿದ ರಾಬರ್ಟ್ ಪ್ಲಾಂಟ್. ಆ ಚಿತ್ರ 1972ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ತೆಗೆದದ್ದು. ಕಿವಿಗೆ ಬೀಳುವುದು ಅದೇ ವರ್ಷದ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ಒಳಾಂಗಣದಲ್ಲಿ ಮುದ್ರಿಸಿದ ಧ್ವನಿ. ನಡುವೆ ಪೆಸಿಫಿಕ್ ಸಾಗರವೇ ಇದೆ. ಒಮ್ಮೆ ಧ್ವನಿ ಮುಚ್ಚಿ ಪ್ಲಾಂಟ್‌ನ ತುಟಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ. ಹೊಲಿಗೆ ಎಲ್ಲಿ ಹಾಕಿದ್ದಾರೆ ಎಂದು ತಾನಾಗಿ ಗೊತ್ತಾಗುತ್ತದೆ. ಇದು ಮೋಸವಲ್ಲ.

ಇರುವುದೇ ಕಡಿಮೆ

ಲೆಡ್ ಝೆಪೆಲಿನ್ ಹುಟ್ಟಿದ್ದು 1968ರಲ್ಲಿ. 1980ರ ಸೆಪ್ಟೆಂಬರ್ 25ರಂದು ಬಾನಮ್ ತೀರಿಕೊಂಡ, ಡಿಸೆಂಬರ್‌ನಲ್ಲಿ ಉಳಿದ ಮೂವರು ಬ್ಯಾಂಡನ್ನೇ ನಿಲ್ಲಿಸಿದರು. ಹನ್ನೆರಡು ವರ್ಷದಲ್ಲಿ ನೂರಾರು ಕಾರ್ಯಕ್ರಮ ಕೊಟ್ಟರೂ ನೆಟ್ಟಗೆ ಚಿತ್ರೀಕರಿಸಿದ್ದು ಬೆರಳೆಣಿಕೆಯಷ್ಟು. ಕಾರಣ ಮ್ಯಾನೇಜರ್ ಪೀಟರ್ ಗ್ರಾಂಟ್. ಟಿವಿ ಎಂದರೆ ಅವನಿಗೆ ಆಗದು. ಅಂದಿನ ಟಿವಿ ಪೆಟ್ಟಿಗೆಯ ಪುಟ್ಟ ಸ್ಪೀಕರಿನಲ್ಲಿ ಬಾನಮ್‌ನ ಡ್ರಮ್ಸ್ ಡಬ್ಬ ಬಡಿದ ಹಾಗೆ ಕೇಳಿಸುತ್ತಿತ್ತು. ಬ್ರಿಟನ್ನಿನಲ್ಲಿ ಬ್ಯಾಂಡ್ ಸಿಂಗಲ್ ಬಿಡುಗಡೆ ಮಾಡುತ್ತಲೂ ಇರಲಿಲ್ಲ. ಸಿಂಗಲ್ ಇಲ್ಲದವರಿಗೆ ‘ಟಾಪ್ ಆಫ್ ದ ಪಾಪ್ಸ್’ನಂಥ ಕಾರ್ಯಕ್ರಮದಲ್ಲಿ ಏನು ಕೆಲಸ? ತಮಾಷೆಯೆಂದರೆ ಎಪ್ಪತ್ತರ ದಶಕದಲ್ಲಿ ಅದೇ ಕಾರ್ಯಕ್ರಮದ ಶೀರ್ಷಿಕೆ ಸಂಗೀತ ಇವರದೇ ‘ಹೋಲ್ ಲಾಟ ಲವ್’, ನುಡಿಸಿದ್ದು ಮಾತ್ರ ಸಿಸಿಎಸ್ ಎಂಬ ಬೇರೊಂದು ತಂಡ.

ಹಾಗಾಗಿ ಟಿವಿಯವರು ತೆಗೆದದ್ದು ಬಹುಪಾಲು 1969ರದ್ದು, ಬ್ಯಾಂಡಿಗೆ ಇನ್ನೂ ಹೆಸರು ಬೇಕಿದ್ದ ವರ್ಷದ್ದು. ಅದರಲ್ಲಿ ಡೆನ್ಮಾರ್ಕ್ ಟಿವಿಗಾಗಿ ಗ್ಲಾಡ್‌ಸಾಕ್ಸೆಯಲ್ಲಿ ಮಾರ್ಚ್‌ನಲ್ಲಿ ನುಡಿಸಿದ್ದನ್ನು ತಪ್ಪಿಸಿಕೊಳ್ಳಬೇಡಿ. ಕಪ್ಪು ಬಿಳುಪು ಚಿತ್ರ. ಹುಡುಗ ಹುಡುಗಿಯರು ಭಜನೆಗೆ ಬಂದವರ ಹಾಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ನಾಲ್ವರು ಅವರ ಮೂಗಿನ ಮುಂದೆಯೇ ಗುಡುಗುತ್ತಿದ್ದಾರೆ. 2003ರ ಸಂಗ್ರಹದಲ್ಲಿ ಇದೂ ಇದೆ.

ಎಲ್ಲಿಂದ ಶುರು ಮಾಡಬೇಕು

ನನ್ನನ್ನು ಕೇಳಿದರೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಿಂದ. 1970ರ ಜನವರಿ 9, ಪೇಜ್‌ಗೆ ಅವತ್ತಿಗೆ 26 ತುಂಬಿತ್ತು. ಕ್ಯಾಮೆರಾ ಹಿಡಿದವರು ಪೀಟರ್ ವೈಟ್‌ಹೆಡ್ ಮತ್ತು ಸ್ಟ್ಯಾನ್ಲಿ ಡಾರ್ಫ್‌ಮನ್. ವೈಟ್‌ಹೆಡ್ ಅದಕ್ಕೂ ಮೊದಲೇ ರೋಲಿಂಗ್ ಸ್ಟೋನ್ಸ್ ಮೇಲೆ ಚಿತ್ರ ಮಾಡಿದ್ದವನು. ಕ್ರೇನಿಲ್ಲ, ಟ್ರಾಲಿಯಿಲ್ಲ, ಕೈಯಲ್ಲಿ ಹಿಡಿದ 16 ಎಂಎಂ ಕ್ಯಾಮೆರಾಗಳು. ಬೆಳಕು ಸಾಲದು ಎನ್ನುವ ಕಾರಣಕ್ಕೆ ಆ ರೀಲುಗಳು ಮೂವತ್ತಕ್ಕೂ ಹೆಚ್ಚು ವರ್ಷ ಪೆಟ್ಟಿಗೆಯಲ್ಲೇ ಕೂತಿದ್ದವು. ಬಾನಮ್‌ನ ಬೆನ್ನ ಹಿಂದಿನಿಂದ, ಆಂಪ್ಲಿಫೈಯರ್ ಸಂದಿಯಿಂದ, ಪೇಜ್‌ನ ಮೊಣಕೈ ಪಕ್ಕದಿಂದ ತೆಗೆದ ಆ ಚಿತ್ರ ಇವತ್ತು ನೋಡಿದರೆ ನಾವೇ ವೇದಿಕೆ ಹತ್ತಿ ನಿಂತ ಹಾಗಿದೆ.

ಇಲ್ಲಿ ‘ಡೇಜ಼್ಡ್ ಅಂಡ್ ಕನ್‌ಫ್ಯೂಸ್ಡ್’ ಹಾಕಿ ಕಾಯಿರಿ. ನಡುವೆ ಪೇಜ್ ಪಿಟೀಲಿನ ಕಮಾನು ಎತ್ತಿಕೊಳ್ಳುತ್ತಾನೆ. ಗಿಟಾರಿನ ತಂತಿಗಳು ಪಿಟೀಲಿನಂತೆ ಬಾಗಿದ ಸೇತುವೆಯ ಮೇಲಿಲ್ಲ, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಹಾಗಾಗಿ ಒಂದೇ ತಂತಿ ಉಜ್ಜುವುದು ಕಷ್ಟ, ಕಮಾನು ಅಕ್ಕಪಕ್ಕದ್ದಕ್ಕೂ ತಗಲುತ್ತದೆ. ಆ ತಗಲಿದ ಸದ್ದನ್ನೇ ಅವನು ಬೇಕೆಂದು ಬಳಸುತ್ತಾನೆ. ಕಮಾನಿನಿಂದ ತಂತಿಗೆ ಒಂದೇಟು ಹೊಡೆದು ಕೈ ಮೇಲೆತ್ತುತ್ತಾನೆ, ಪ್ರತಿಧ್ವನಿ ವಾಪಸು ಬರುವ ತನಕ ಕೈ ಹಾಗೇ ಗಾಳಿಯಲ್ಲಿರುತ್ತದೆ. ಆಮೇಲೆ ‘ಮೋಬಿ ಡಿಕ್’. ಬಾನಮ್ ಕೋಲು ಬಿಟ್ಟು ಬರಿಗೈಯಲ್ಲಿ ಬಾರಿಸುವ ಭಾಗವಿದೆ. ಮೃದಂಗ ಕೇಳಿ ಬೆಳೆದ ನಮ್ಮವರಿಗೆ ಬೆರಳು ಮತ್ತು ಅಂಗೈ ಸದ್ದಿನ ವ್ಯತ್ಯಾಸ ಹೇಳಿಕೊಡಬೇಕಿಲ್ಲ.

ಇಷ್ಟರ ನಡುವೆ ಚಿತ್ರ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಮಸುಕಾಗುತ್ತದೆ, ಇಲ್ಲವೇ ಯಾರದೋ ಬೆನ್ನು ತೋರಿಸುತ್ತದೆ. ಬೈದುಕೊಳ್ಳುವ ಮೊದಲು ಈ ಲೆಕ್ಕ ನೋಡಿ. ಸೆಕೆಂಡಿಗೆ 24 ಫ್ರೇಮಿನ ವೇಗದಲ್ಲಿ 16 ಎಂಎಂನ 100 ಅಡಿ ರೀಲು ಮೂರು ನಿಮಿಷವೂ ಬಾಳುವುದಿಲ್ಲ, 400 ಅಡಿಯದಾದರೆ ಸುಮಾರು 11 ನಿಮಿಷ. ಪೇಜ್ ಕಾಲು ಗಂಟೆ ಒಂದೇ ಹಾಡು ಎಳೆಯುತ್ತಿದ್ದರೆ ಕ್ಯಾಮೆರಾದವನು ಕತ್ತಲಲ್ಲಿ ಕೂತು ರೀಲು ಬದಲಿಸಬೇಕು. ಆ ಹೊತ್ತಿನಲ್ಲಿ ಕೈಯಲ್ಲಿದ್ದ ಇನ್ನೊಂದು ಕ್ಯಾಮೆರಾದ ಚಿತ್ರವೇ ಗತಿ. ಧ್ವನಿ ಬೇರೆ ಯಂತ್ರದಲ್ಲಿ ಮುದ್ರಣವಾಗುತ್ತದೆ, ಅದು ನಿಲ್ಲುವುದಿಲ್ಲ. ಆಮೇಲೆ ಎಡಿಟರ್ ಡ್ರಮ್ಸ್ ಏಟು ನೋಡಿ ನೋಡಿ ಎರಡನ್ನೂ ಕೂಡಿಸುತ್ತಾನೆ. ಸರಿಯಾಗಿ ಕೂಡಿದೆಯೇ ಎಂದು ನೀವೂ ಪರೀಕ್ಷಿಸಬಹುದು: ಸಿಂಬಲ್ ಮೇಲೆ ಕೋಲು ಬೀಳುವುದನ್ನೇ ನೋಡುತ್ತಿರಿ. ಹಾಡುಗಾರನ ತುಟಿ ನಂಬಬೇಡಿ, ಮೈಕ್ ಅಡ್ಡ ಇರುತ್ತದೆ.

ಮೂರು ರಾತ್ರಿ, ಒಂದು ವಿಗ್

ಎಲ್ಲರೂ ಮೊದಲು ನೋಡುವುದು ‘ದ ಸಾಂಗ್ ರಿಮೇನ್ಸ್ ದ ಸೇಮ್’. ನಾನು ಅದನ್ನು ಎರಡನೆಯದಾಗಿ ನೋಡಿ ಎನ್ನುತ್ತೇನೆ. 1973ರ ಜುಲೈ 27, 28, 29ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 35 ಎಂಎಂನಲ್ಲಿ ತೆಗೆದದ್ದು, ತೆರೆಗೆ ಬಂದದ್ದು 1976ರ ಅಕ್ಟೋಬರ್‌ನಲ್ಲಿ. ನಡುವಿನ ಮೂರು ವರ್ಷದ ಕಥೆ ಚಿತ್ರಕ್ಕಿಂತ ಚೆನ್ನಾಗಿದೆ.

ನಿರ್ದೇಶಕ ಜೋ ಮ್ಯಾಸಟ್ ಅವಸರದಲ್ಲಿ ತಂಡ ಕಟ್ಟಿಕೊಂಡು ಬಂದಿದ್ದ. ಎಡಿಟಿಂಗ್ ಮೇಜಿಗೆ ಬಂದಾಗ ನೋಡಿದರೆ ಹಾಡುಗಳಲ್ಲಿ ದೊಡ್ಡ ದೊಡ್ಡ ತೂತು. ಅವನ ಜಾಗಕ್ಕೆ ಪೀಟರ್ ಕ್ಲಿಫ್ಟನ್ ಬಂದ. 1974ರಲ್ಲಿ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೊದಲ್ಲಿ ನ್ಯೂಯಾರ್ಕಿನ ವೇದಿಕೆಯನ್ನೇ ಹೋಲುವ ಸೆಟ್ ಹಾಕಿ, ಹಿಂದಿನ ವರ್ಷದ ಧ್ವನಿಮುದ್ರಣ ಹಚ್ಚಿ, ನಾಲ್ವರೂ ಅದಕ್ಕೆ ತಕ್ಕಂತೆ ನುಡಿಸಿದರು. ಪ್ರೇಕ್ಷಕರೇ ಇಲ್ಲ. ಅಷ್ಟರಲ್ಲಿ ಬಾಸ್ ನುಡಿಸುವ ಜಾನ್ ಪಾಲ್ ಜೋನ್ಸ್ ಕೂದಲು ಕತ್ತರಿಸಿಕೊಂಡಿದ್ದ, ಅವನಿಗೆ ವಿಗ್ ತೊಡಿಸಬೇಕಾಯಿತು. ಸಾಲದ್ದಕ್ಕೆ ನ್ಯೂಯಾರ್ಕಿನ ಮೂರು ರಾತ್ರಿಯೂ ಅವನು ಬೇರೆ ಬೇರೆ ಬಟ್ಟೆ ಹಾಕಿದ್ದ.

ಈ ಚಿತ್ರ ನೋಡುವಾಗ ಜೋನ್ಸ್‌ನನ್ನು ಹಿಂಬಾಲಿಸಿ. ಅವನೇ ಕ್ಯಾಲೆಂಡರ್. ಹಾಡಿನ ನಡುವೆ ಅವನ ಅಂಗಿ ಬದಲಾಯಿತೆಂದರೆ ರಾತ್ರಿಯೂ ಬದಲಾಯಿತು. ಕೂದಲು ಟೋಪಿಯ ಹಾಗೆ ಕೂತಿದ್ದರೆ, ಹಿನ್ನೆಲೆ ಪೂರ್ತಿ ಕಪ್ಪಾಗಿದ್ದು ಒಂದೇ ಒಂದು ತಲೆಯೂ ಕಾಣದಿದ್ದರೆ, ಅದು ಶೆಪರ್ಟನ್ ಇರಬಹುದೆಂದು ಅನುಮಾನ ಪಡಿ. ನಡುನಡುವೆ ಬರುವ ಕುದುರೆ ಸವಾರಿ, ಕತ್ತಿವರಸೆ, ಬೆಟ್ಟ ಹತ್ತುವ ಕನಸಿನ ದೃಶ್ಯಗಳನ್ನು ಒಮ್ಮೆ ನೋಡಿದರೆ ಸಾಕು. ಎರಡನೇ ಸಲ ಓಡಿಸಿ. ಹೋಟೆಲಿನ ಲಾಕರಿನಿಂದ ಎರಡು ಲಕ್ಷ ಡಾಲರಿಗೂ ಹೆಚ್ಚು ಕಳುವಾದ ಸುದ್ದಿ ಮಾತ್ರ ಕನಸಲ್ಲ, ಅದೇ ದಿನಗಳಲ್ಲಿ ನಡೆದದ್ದು. ಡಿಸ್ಕ್ ಕೊಳ್ಳುವುದಾದರೆ 2007ರ ಆವೃತ್ತಿ ಕೊಳ್ಳಿ, ಧ್ವನಿಯನ್ನು ಹೊಸದಾಗಿ ಮಿಕ್ಸ್ ಮಾಡಿದ್ದಾರೆ.

ಟೇಪಿಗೆ ಬಂದ ಕಾಲ

1975ರ ಅರ್ಲ್ಸ್ ಕೋರ್ಟ್ ಮತ್ತು 1979ರ ಆಗಸ್ಟ್ 4, 11ರ ನೆಬ್‌ವರ್ತ್, ಇವೆರಡೂ ಫಿಲ್ಮ್ ಅಲ್ಲ, ವಿಡಿಯೊ. ಅರ್ಲ್ಸ್ ಕೋರ್ಟ್‌ನಲ್ಲಿ ಕ್ಯಾಮೆರಾ ಇಟ್ಟದ್ದು ದೂರ ಕೂತವರಿಗೆ ದೊಡ್ಡ ಪರದೆಯಲ್ಲಿ ತೋರಿಸಲಿಕ್ಕೆ. ಆದ್ದರಿಂದಲೇ ಮುಖದ ಕ್ಲೋಸಪ್ ಧಾರಾಳ, ಒಟ್ಟು ವೇದಿಕೆಯ ನೋಟ ಕಡಿಮೆ. ಒಂದು ಅನುಕೂಲವೂ ಇದೆ: ಟೇಪು ರೀಲಿನ ಹಾಗೆ ಎರಡು ಮೂರು ನಿಮಿಷಕ್ಕೆ ಮುಗಿಯುವುದಿಲ್ಲ, ಹಾಡು ತುಂಡಾಗದೆ ಸಿಗುತ್ತದೆ.

ಆದರೆ ಟೇಪಿಗೆ ಮುಪ್ಪು ಬೇಗ. ಆ ಕಾಲದ ಹಲವು ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಟೇಪು ಕಿರುಗುಟ್ಟುತ್ತದೆ, ಪುಡಿ ಉದುರಿ ಯಂತ್ರದ ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಮದ್ದು ಏನೆಂದರೆ ಅದನ್ನು 50–55 ಡಿಗ್ರಿಯ ಹದವಾದ ಶಾಖದಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒಣಗಿಸುವುದು. ಕೆಲಸದವರು ‘ಬೇಕಿಂಗ್’ ಎನ್ನುತ್ತಾರೆ. ಒಣಗಿದ ಮೇಲೆ ಸ್ವಲ್ಪ ಕಾಲ ಟೇಪು ಸರಿಯಾಗಿ ಓಡುತ್ತದೆ, ಅಷ್ಟರೊಳಗೆ ನಕಲು ತೆಗೆದುಕೊಳ್ಳಬೇಕು. ಮನೆಯ ಓವನ್ನಿನಲ್ಲಿ ಯಾರೂ ಇದನ್ನು ಮಾಡಬೇಡಿ.

ನೆಬ್‌ವರ್ತ್‌ನಲ್ಲಿ ನಾನು ಮತ್ತೆ ಮತ್ತೆ ನೋಡುವುದು ‘ಕಾಶ್ಮೀರ್’. (ಹಾಡು ಬರೆಯುವಾಗ ಇವರು ಕಾಶ್ಮೀರ ನೋಡಿರಲಿಲ್ಲ. ಪ್ಲಾಂಟ್‌ಗೆ ಸಾಲು ಹೊಳೆದದ್ದು ಮೊರಾಕ್ಕೊದ ಮರುಭೂಮಿ ರಸ್ತೆಯಲ್ಲಿ.) ಬಾನಮ್‌ನ ಲೆಕ್ಕ ನಾಲ್ಕರದು, ಪೇಜ್‌ನ ಗಿಟಾರಿನದು ಮೂರರದು. ಹನ್ನೆರಡು ಎಣಿಕೆಗೊಮ್ಮೆ ಇಬ್ಬರೂ ಒಂದೇ ಕಡೆ ಬಂದು ಬೀಳುತ್ತಾರೆ. ಒಂದು ಕೈಯಲ್ಲಿ ನಾಲ್ಕರಂತೆ ತಾಳ ಹಾಕಿ, ಕಣ್ಣು ಪೇಜ್‌ನ ಬಲಗೈ ಮೇಲಿರಲಿ. ಮೊದಲ ಸಲ ತಾಳ ಖಂಡಿತ ತಪ್ಪುತ್ತದೆ. ತೆಳುನೀಲಿ ಅಂಗಿ ಬೆವರಿಗೆ ಒದ್ದೆಯಾಗಿ ಮೈಗಂಟಿದ ಆ ಮನುಷ್ಯನಿಗೆ ತಪ್ಪುವುದಿಲ್ಲ.

ಭಾರತದ ಜೊತೆ ಇವರಿಗೆ ನಿಜವಾದ ನಂಟೂ ಇದೆ. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಬಾಂಬೆಗೆ ಬಂದು ಅಲ್ಲಿನ ವಾದ್ಯಗಾರರ ಜೊತೆ ಎರಡು ಹಾಡು ಮುದ್ರಿಸಿದ್ದರು. ಅದು 2015ರಲ್ಲಿ ‘ಕೋಡಾ’ ಆಲ್ಬಮ್ಮಿನ ದೊಡ್ಡ ಆವೃತ್ತಿಯಲ್ಲಿ ಹೊರಬಂತು. ಅದು ಕೇಳುವ ಸರಕು, ನೋಡುವುದಲ್ಲ.

ವರ್ಷ ಗುರುತಿಸುವುದು

ತಲೆಬರಹ ನಂಬದೆ ವರ್ಷ ಹೇಳುವುದು ಕಷ್ಟವಲ್ಲ, ಡ್ರಮ್ಸ್ ನೋಡಿದರೆ ಅರ್ಧ ಕೆಲಸ ಆಯಿತು. ಪಾರದರ್ಶಕ ಕಿತ್ತಳೆ ಎಂದರೆ 1973ರಿಂದ 75. ಸ್ಟೀಲ್ ಪಾತ್ರೆಯ ಹಾಗೆ ಫಳಫಳ ಎಂದರೆ 1977 ಮತ್ತು ನಂತರ. ದೊಡ್ಡ ಡ್ರಮ್ಮಿನ ಮುಖದ ಮೇಲೆ ಒಂದಕ್ಕೊಂದು ಹೆಣೆದ ಮೂರು ಬಳೆಗಳಿದ್ದರೆ ಅದು 1971ರ ನವೆಂಬರ್‌ನಲ್ಲಿ ಬಂದ ನಾಲ್ಕನೇ ಆಲ್ಬಮ್ಮಿನ ಆಚೆಯದು, ಬಾನಮ್‌ನ ಆ ಗುರುತು ಹುಟ್ಟಿದ್ದೇ ಅದರಲ್ಲಿ. ಪೇಜ್ ಮೈಮೇಲೆ ಡ್ರ್ಯಾಗನ್ನಿನ ಸೂಟು ಕಪ್ಪಾಗಿದ್ದರೆ 1975, ಬಿಳಿಯದಾದರೆ 1977. ಎರಡು ಕುತ್ತಿಗೆಯ ಗಿಟಾರ್ ಕಂಡರೆ ‘ಸ್ಟೇರ್‌ವೇ’ ಹತ್ತಿರದಲ್ಲಿರಬಹುದು.

ಇನ್ನು ಸದ್ದು. ಕಾನ್ಸರ್ಟ್ ಧ್ವನಿಯಲ್ಲಿ ಮೂರು ಜಾತಿ. ಒಂದೊಂದು ವಾದ್ಯಕ್ಕೂ ಬೇರೆ ಟ್ರ್ಯಾಕ್ ಕೊಟ್ಟು ಮುದ್ರಿಸಿ ಆಮೇಲೆ ಹದಮಾಡಿದ್ದು ಒಂದು. ಅಧಿಕೃತ ಬಿಡುಗಡೆಗಳೆಲ್ಲ ಬಹುಪಾಲು ಇವೇ. ಎರಡನೆಯದು ಸಭಾಂಗಣದ ಸೌಂಡ್ ಬೋರ್ಡಿನಿಂದ ನೇರ ಎಳೆದದ್ದು. ಇದರಲ್ಲಿ ಹಾಡುಗಾರ ಕಿವಿಯೊಳಗೇ ಕೂತ ಹಾಗಿರುತ್ತಾನೆ, ಡ್ರಮ್ಸ್ ಎಲ್ಲೋ ದೂರದಲ್ಲಿ. ಡ್ರಮ್ಸ್ ಮತ್ತು ಗಿಟಾರ್ ತಮ್ಮಷ್ಟಕ್ಕೇ ಸಭಾಂಗಣ ತುಂಬುವಾಗ ಬೋರ್ಡಿನವನು ದನಿಯನ್ನೇ ಹೆಚ್ಚು ಎತ್ತಬೇಕಾಗುತ್ತದೆ, ಅದಕ್ಕೇ ಹೀಗೆ. ಮೂರನೆಯದು ಪ್ರೇಕ್ಷಕರ ನಡುವೆ ಕೂತು ಕದ್ದು ಮುದ್ರಿಸಿದ್ದು. ಇದರಲ್ಲಿ ದೊಡ್ಡ ಹೆಸರು ಮೈಕ್ ಮಿಲಾರ್ಡ್‌ದು. ಲಾಸ್ ಏಂಜಲೀಸ್‌ನ ಫೋರಮ್‌ಗೆ ಗಾಲಿಕುರ್ಚಿಯಲ್ಲಿ ಕೂತು ಹೋಗುತ್ತಿದ್ದ, ರೆಕಾರ್ಡರ್ ಕುರ್ಚಿಯೊಳಗೆ ಅಡಗಿರುತ್ತಿತ್ತು. 1977ರ ಜೂನ್ 21ರಂದು ಅವನು ಮುದ್ರಿಸಿದ ಟೇಪು ಕೇಳಿದರೆ ಅಪರಾಧ ಎನ್ನಬೇಕೋ ಉಪಕಾರ ಎನ್ನಬೇಕೋ ತಿಳಿಯುವುದಿಲ್ಲ.

ಅಭಿಮಾನಿಗಳು ಇಂಥ ಟೇಪುಗಳನ್ನು ಯಾರೋ ಗ್ಯಾಲರಿಯಿಂದ ತೆಗೆದ ಸೂಪರ್ 8 ಚಿತ್ರಕ್ಕೆ ಹೊಂದಿಸುತ್ತಾರೆ. ಆ ಕ್ಯಾಮೆರಾದ 50 ಅಡಿ ಕಾರ್ಟ್ರಿಜ್ ಓಡುವುದು ಮೂರು ನಿಮಿಷ ಇಪ್ಪತ್ತು ಸೆಕೆಂಡು, ಬಹುತೇಕ ಮೂಕ. ಕ್ಯಾಸೆಟ್ಟಿನ ವೇಗವೂ ಏರಿಳಿಯುತ್ತದೆ, ಆದ್ದರಿಂದ ಸೆಕೆಂಡು ಸೆಕೆಂಡಿಗೆ ಎಳೆದು ಕುಗ್ಗಿಸಿ ಕೂಡಿಸಬೇಕು. ಚಿತ್ರ ನಡುಗುತ್ತದೆ, ಮುಂದಿನವನ ತಲೆ ಅಡ್ಡ ಬರುತ್ತದೆ, ಆದರೂ ಅಲ್ಲಿ ಚಿತ್ರ ಮತ್ತು ಸದ್ದು ಒಂದೇ ರಾತ್ರಿಯವು. ವಿಗ್ ಇಲ್ಲ. 1977ರ ಜುಲೈ 17ರ ಸಿಯಾಟಲ್ ವಿಡಿಯೊ ಕೂಡ ಹೀಗೆ ಅನಧಿಕೃತವಾಗಿ ಹರಿದಾಡಿದ್ದು. ಉದ್ದವಾದ, ದಣಿದ ರಾತ್ರಿ ಅದು, ಕೊನೆಗೆ ನೋಡಿ.

ಇವನ್ನು ಕಾಸು ಕೊಟ್ಟು ಕೊಳ್ಳುವುದು ಮಾತ್ರ ಬೇಡ. ಹೀಗೆ ಮಾರುತ್ತಿದ್ದವನೊಬ್ಬನ ವಿರುದ್ಧ ಪೇಜ್ 2007ರಲ್ಲಿ ಗ್ಲಾಸ್ಗೊ ನ್ಯಾಯಾಲಯದ ಕಟಕಟೆ ಹತ್ತಿ ಸಾಕ್ಷಿ ಹೇಳಿದ. ನಮ್ಮ ಕಾನೂನಿನಲ್ಲೂ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ, ಚಲನಚಿತ್ರದ ಹಕ್ಕುಸ್ವಾಮ್ಯ 60 ವರ್ಷ. ಬ್ಯಾಂಡಿನ ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲಿ ಒಳ್ಳೆಯ ತುಣುಕುಗಳು ಪುಕ್ಕಟೆ ಸಿಗುವಾಗ ನನ್ನ ಹಾಗೆ ಫುಟ್‌ಪಾತ್ ಹುಡುಕುವ ಅಗತ್ಯವೂ ಈಗಿಲ್ಲ.

‘4ಕೆ’ ಎಂದು ಹಾಕಿದ್ದರೆ

1975ರ ಬ್ರಿಟಿಷ್ ವಿಡಿಯೊದಲ್ಲಿ ಕಾಣುವ ಗೆರೆಗಳು 576. 4ಕೆ ಪರದೆಯದು 2160. ನಡುವಿನದನ್ನು ಕಂಪ್ಯೂಟರ್ ಊಹಿಸಿ ತುಂಬುತ್ತದೆ. ಊಹೆ ಎಲ್ಲಿ ಸೋಲುತ್ತದೆ ಗೊತ್ತೆ? ಬೆರಳಲ್ಲಿ. ಪೇಜ್ ವೇಗವಾಗಿ ನುಡಿಸುವಾಗ ಎರಡು ಬೆರಳು ಸೇರಿ ಒಂದಾಗುತ್ತವೆ, ಡ್ರಮ್ ಕೋಲು ಗಾಳಿಯಲ್ಲಿ ಕರಗುತ್ತದೆ, ಮುಖ ಮೇಣದ ಬೊಂಬೆಯಾಗುತ್ತದೆ. 16 ಎಂಎಂ ಫಿಲ್ಮಿನ ರವೆಯಂಥ ಕಣಕಣ ಪೂರ್ತಿ ಮಾಯವಾಗಿದ್ದರೆ ಯಾರೋ ಅಗತ್ಯಕ್ಕಿಂತ ಹೆಚ್ಚು ಉಜ್ಜಿದ್ದಾರೆಂದೇ ಅರ್ಥ.

ವೇಗದ ಗೊಂದಲ ಇನ್ನೊಂದು. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು ನಮ್ಮಲ್ಲಿದ್ದ ಪಾಲ್ ಪದ್ಧತಿಯ ಕ್ಯಾಸೆಟ್ಟು, ಡಿಸ್ಕಿಗೆ ಹಾಕುವಾಗ 25ಕ್ಕೆ ಏರಿಸುತ್ತಿದ್ದರು. ನೂರು ನಿಮಿಷದ ಚಿತ್ರ 96ಕ್ಕೆ ಮುಗಿಯುತ್ತದೆ, ಸರಿಪಡಿಸದಿದ್ದರೆ ಶ್ರುತಿಯೂ ಏರುತ್ತದೆ. ಮೊಬೈಲಿನ ತಂಬೂರಿ ಆ್ಯಪ್‌ನಲ್ಲಿ ಆರು ಮನೆ ಶ್ರುತಿ ಇಟ್ಟುಕೊಂಡು ‘ಸ್ಟೇರ್‌ವೇ’ ಶುರುವಿಗೆ ಹೊಂದುತ್ತದೆಯೇ ನೋಡಿ. ಆರೂವರೆಯ ಕಡೆಗೆ ಜಾರಿದ್ದರೆ ನಿಮ್ಮ ಪ್ರತಿ ಓಡುತ್ತಿದೆ.

ಇಷ್ಟು ಆದಮೇಲೆ ಬೇಕಿದ್ದರೆ 2025ರಲ್ಲಿ ತೆರೆಗೆ ಬಂದ ‘ಬಿಕಮಿಂಗ್ ಲೆಡ್ ಝೆಪೆಲಿನ್’ ನೋಡಿ, ಹಳೆಯ ತುಣುಕುಗಳನ್ನು ಕತ್ತರಿಸದೆ ಹಾಡು ಹಾಡಾಗಿ ಬಿಟ್ಟಿರುವುದೇ ಅದರ ಗುಣ. ‘ಸೆಲೆಬ್ರೇಶನ್ ಡೇ’ ಬೇರೆಯೇ. 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಉಳಿದ ಮೂವರು ಮತ್ತೆ ಸೇರಿ ನುಡಿಸಿದ ಚಿತ್ರ ಅದು, ಅಪ್ಪನ ಜಾಗದಲ್ಲಿ ಮಗ ಜೇಸನ್ ಬಾನಮ್. ಅಲ್ಲಿ ಎಲ್ಲ ಕ್ಯಾಮೆರಾವೂ ಸರಿಯಾಗಿದೆ, ಪತ್ತೇದಾರಿಕೆಗೆ ಕೆಲಸವೇ ಇಲ್ಲ.

ನಿಮ್ಮ ಬೀರುವಿನಲ್ಲಿರುವುದು

ಬೆಂಗಳೂರಿನ ಅರಮನೆ ಮೈದಾನಕ್ಕೆ 2002ರಲ್ಲಿ ರೋಜರ್ ವಾಟರ್ಸ್ ಬಂದಿದ್ದ, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್. ಆ ಜನಜಂಗುಳಿಯಲ್ಲಿ ನೀವಿದ್ದು, ಹ್ಯಾಂಡಿಕ್ಯಾಮ್‌ನಲ್ಲೋ ಅಂದಿನ ಫೋನಿನಲ್ಲೋ ಏನಾದರೂ ಹಿಡಿದಿದ್ದರೆ ಈಗಲೇ ಹೊರತೆಗೆಯಿರಿ. ಫೋನಿನ 3ಜಿಪಿ ಫೈಲು ಅಂಚೆಚೀಟಿಯಷ್ಟೇ ಇದ್ದರೂ ಮೂಲವನ್ನು ಹಾಗೇ ಇಟ್ಟುಕೊಳ್ಳಿ. ಬದಲಾಯಿಸುವುದಾದರೆ ನಕಲನ್ನು ಬದಲಾಯಿಸಿ. ಮಿನಿ ಡಿವಿ ಟೇಪಾದರೆ ಫೈರ್‌ವೈರ್ ಕೇಬಲ್ಲಿನಿಂದ ಗುಣ ಕಳೆಯದೆ ಕಂಪ್ಯೂಟರಿಗೆ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ವಿಎಚ್‌ಎಸ್ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಇದು ಮಾಮೂಲು. ಅದನ್ನು ವಿಸಿಆರ್‌ಗೆ ತುರುಕಬೇಡಿ, ಯಂತ್ರದ ಹೆಡ್ಡೂ ಹಾಳು, ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಬಿಚ್ಚಿ ಒಣಬಟ್ಟೆಯಲ್ಲಿ ಶುಚಿ ಮಾಡಬಲ್ಲವರ ಕೈಗೆ ಕೊಡಿ. ಕ್ಯಾಸೆಟ್ಟುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ, ಸ್ಪೀಕರ್ ಪಕ್ಕ ಬೇಡ, ಜೊತೆಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಮತ್ತೆ ಚೀಟಿ. ತಾರೀಖು, ಊರು, ಮೈದಾನ, ಯಾವ ಹಾಡಿನಿಂದ ಯಾವ ಹಾಡಿನ ತನಕ, ವೇದಿಕೆಯ ಎಡಕ್ಕೆ ನಿಂತಿದ್ದಿರೋ ಬಲಕ್ಕೋ, ಎಲ್ಲ ಬರೆಯಿರಿ. ಡಬ್ಬಿಯ ಮೇಲಲ್ಲ, ಕ್ಯಾಸೆಟ್ಟಿನ ಮೇಲೇ ಅಂಟಿಸಿ. ಡಬ್ಬಿಗಳು ಅದಲುಬದಲಾಗುತ್ತವೆ.